ಶಿಬಿರದ ಕಾಗದ

ಬಬಲೇಶ್ವರ
೯ ಸೆಪ್ಟೆಂಬರ್ ೨೦೨೪

ಮಿನಾಜ,

ಶಿಕ್ಷಕರ ದಿನ ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನನ್ನ ಹೆಂಡತಿ ಗಂಗಾಬಾಯಿ "ಮಲಗ್ಯಾರವಾ" ಎಂದು ಹೇಳಿ ಇಟ್ಟಳು. ನಾನು ಮಲಗಿರಲಿಲ್ಲ. ಅವಳ ಎದುರಿಗೇ ಕೂತು ಕೈ ಆಡಿಸಿ "ಬೇಡ" ಅನ್ನುತ್ತಿದ್ದೆ. "ನಿಮ್ಮ ಸಲುವಾಗಿ ಆ ಹುಡುಗಿಗೆ ಸುಳ್ಳ ಹೇಳಾಂಗಾತು, ಈಗ ನೀವ ಬರೀರಿ" ಎಂದು ಅವಳು ಪ್ಯಾಡು, ಪೆನ್ನು ತಂದು ನನ್ನ ಮುಂದೆ ಬಡಿದಿದ್ದಾಳೆ.

ಜೂನ್‌ನಲ್ಲಿ ಗಂಟಲಿನ ಆಪರೇಷನ್ ಆಯಿತು. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ನೀವೆಲ್ಲ ಅಣಕಿಸುತ್ತಿದ್ದ ನನ್ನ ಆ ಗಂಟಲು, ಕಾಲೇಜಿನ ಮೈದಾನದಲ್ಲಿ ನಿಂತು ಕೂಗಿದರೆ ಬಸ್ ನಿಲ್ದಾಣದವರು ತಿರುಗಿ ನೋಡುತ್ತಿದ್ದ ಗಂಟಲು, ಈಗ ಒಂದು ತೂತು. ಡಾಕ್ಟರು ಒಂದು ಯಂತ್ರ ಕೊಟ್ಟಿದ್ದಾರೆ. ಕೊರಳಿಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ತಗಡಿನ ಡಬ್ಬಿಯೊಳಗಿಂದ ಯಾರೋ ಗೊಣಗಿದ ಹಾಗೆ ಸದ್ದು ಬರುತ್ತದೆ. ಅರ್ಧ ಮಾತು ಯಾರಿಗೂ ತಿಳಿಯುವುದಿಲ್ಲ. ತಿಳಿಯದಿದ್ದರೂ ಎಲ್ಲರೂ ತಲೆಯಾಡಿಸುತ್ತಾರೆ. ಆ ತಲೆಯಾಡಿಸುವಿಕೆ ನನಗೆ ಆಗಿಬರುವುದಿಲ್ಲ. ಮೊಬೈಲಿನ ಗಾಜಿನ ಮೇಲೆ ಒತ್ತಿ ಬರೆಯಲು ಈ ಬೆರಳುಗಳಿಗೆ ಸಾಧ್ಯವಿಲ್ಲ. ಆದ್ದರಿಂದ ಇನ್ನು ಅಂಚೆಯೇ.

ಈಗ ವಿಷಯ. ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಈಗ ಸುಶೀಲೇಂದ್ರ ಅಧ್ಯಕ್ಷ. ನೆನಪಿದೆಯಲ್ಲ, ಹುಡುಗರ ಫುಟ್‌ಬಾಲ್ ತಂಡದ ಗೋಲ್‌ಕೀಪರ್, ಈಗ ವಕೀಲ. ಹುಡುಗಿಯರ ತಂಡ ಕಟ್ಟಿ ಇಪ್ಪತ್ತೈದು ವರ್ಷ ಆಯಿತೆಂದು ಡಿಸೆಂಬರ್ ಹದಿನಾಲ್ಕಕ್ಕೆ ನನಗೆ ಸನ್ಮಾನ ಇಟ್ಟಿದ್ದಾನೆ. ಮೈದಾನದ ಪಕ್ಕದ ಹೊಸ ಪೆವಿಲಿಯನ್‌ಗೆ ನನ್ನ ಹೆಸರು. ಮೊದಲ ಕ್ಯಾಪ್ಟನ್ ಎಂದು ಮುಖ್ಯ ಭಾಷಣ ನಿನ್ನದು. ನಿನಗೆ ಆಹ್ವಾನ ಬರುತ್ತದೆ. ನೀನು ಒಲ್ಲೆ ಅನ್ನು. ರಜೆ ಇಲ್ಲ ಅನ್ನು, ಏನಾದರೂ ಅನ್ನು. ನಾನು ಬೇಡ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದರೆ ಅವನು ನಗುತ್ತಾನೆ. ನೀನು ಬರುವುದಿಲ್ಲ ಎಂದರೆ ಕಾರ್ಯಕ್ರಮ ಅರ್ಧ ಬಿದ್ದ ಹಾಗೆ.

ಕಾರಣ ಕೇಳಬೇಡ.

ಶ್ರೀಶೈಲ ಕನಮಡಿ


ಕೊಲ್ಹಾಪುರ
೨೧ ಸೆಪ್ಟೆಂಬರ್ ೨೦೨೪

ಪ್ರೀತಿಯ ಸರ್‌ಗೆ,

ನಿಮ್ಮ ಕಾಗದ ಓದಿ ಮೊದಲು ಅತ್ತೆ. ಆಮೇಲೆ ಸಿಟ್ಟು ಬಂತು. ಜೂನ್‌ನಲ್ಲಿ ಆಪರೇಷನ್ ಆದದ್ದನ್ನು ಸೆಪ್ಟೆಂಬರ್‌ನಲ್ಲಿ ಹೇಳುತ್ತೀರಾ? ನಾನು ದಿನವೂ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೂತು ಊರಿನವರ ವರದಿ ಬರೆಯುತ್ತೇನೆ. ನನ್ನ ಕೋಚ್‌ನ ವರದಿ ಮಾತ್ರ ನನಗೆ ಗೊತ್ತಿಲ್ಲ.

ಒಲ್ಲೆ ಅನ್ನುವುದಿಲ್ಲ, ಸರ್. ಬರುತ್ತೇನೆ. ಸುಶೀಲೇಂದ್ರ ಅವರಿಗೆ ಆಗಲೇ ಹೇಳಿಯಾಯಿತು. ನಿಮಗೆ ಹೊಗಳಿಕೆ ಆಗದು, ಗೊತ್ತು. ಗೆದ್ದು ಬಂದ ದಿನವೂ ನೀವು ಬಸ್ಸಿನಲ್ಲಿ ತಪ್ಪುಗಳ ಪಟ್ಟಿ ಓದುತ್ತಿದ್ದಿರಿ. ಆದರೆ ಈ ಸಲ ನಿಮ್ಮ ಮಾತು ನಡೆಯುವುದಿಲ್ಲ. ತೊಂಬತ್ತೊಂಬತ್ತರಲ್ಲಿ ವಿಜಯಪುರದಂಥ ಊರಿನಲ್ಲಿ ಹುಡುಗಿಯರಿಗೆ ಚೆಂಡು ಕೊಟ್ಟವರು ಯಾರು? ತಿಕೋಟಾ, ಘೋಣಸಗಿ, ಬಬಲೇಶ್ವರ ಅಂತ ಮನೆಮನೆಗೆ ಸ್ಕೂಟರ್ ಮೇಲೆ ಹೋಗಿ ತಂದೆಗಳ ಮುಂದೆ ಕೂತವರು ಯಾರು? ಸಲ್ವಾರಿನ ಮೇಲೇ ಆಡಿರಿ, ಕಾಲಿಗೆ ಬಟ್ಟೆ ಅಡ್ಡ ಬಂದರೆ ನಾವು ನಿಯಮ ಬದಲಿಸೋಣ ಎಂದವರು ಯಾರು? ಅದನ್ನೆಲ್ಲ ನಾನೇ ಹೇಳಬೇಕು.

ನಮ್ಮ ಮನೆಯ ಸುದ್ದಿ. ಇರ್ಫಾನಾಗೆ ಹದಿಮೂರು ತುಂಬಿತು. ಕೊಲ್ಹಾಪುರದ ಮಗು, ನಡೆಯುವ ಮೊದಲೇ ಚೆಂಡು ಒದೆದಳು. ಇಲ್ಲಿ ಓಣಿಗೊಂದು ತಂಡ, ಪಂದ್ಯದ ದಿನ ಅಂಗಡಿಗಳೇ ಮುಚ್ಚುತ್ತವೆ. ಅವಳ ಅಪ್ಪ ನದೀಮ್ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪಂದ್ಯಕ್ಕೆ ಹೋಗುತ್ತಿದ್ದರು, ನಾನು ಗೇಟಿನ ಹೊರಗಿಂದಲೇ ತಿರುಗಿ ಬರುತ್ತಿದ್ದೆ. ಈಗ ಅವಳಿಗೆ ಜಿಲ್ಲಾ ತಂಡದ ಆಯ್ಕೆಗೆ ಹೋಗಬೇಕಂತೆ. ನಾನು ಬೇಡ ಎಂದಿದ್ದೇನೆ. ಚೆನ್ನಾಗಿಯೇ ಆಡುತ್ತಾಳೆ. ಚೆನ್ನಾಗಿ ಆಡುವುದೇ ಬೇರೆ, ಸಾಕಾಗುವಷ್ಟು ಆಡುವುದೇ ಬೇರೆ ಅಂತ ನನಗಿಂತ ಹೆಚ್ಚು ಯಾರಿಗೆ ಗೊತ್ತು? ನಾನೇ ಸಾಕಾಗಲಿಲ್ಲ.

ಒಂದು ಮಾತು ಇಷ್ಟು ವರ್ಷ ಹೇಳಿರಲಿಲ್ಲ. ನಿಮ್ಮ ಧ್ವನಿ ಹೋದ ಮೇಲೆ ಹೇಳದೆ ಇಟ್ಟುಕೊಳ್ಳುವುದು ಸರಿಯಲ್ಲ ಅನಿಸಿತು. ಎರಡು ಸಾವಿರದ ಮೂರರಲ್ಲಿ ರಾಜ್ಯ ತಂಡದ ತರಬೇತಿ ಶಿಬಿರದ ಪಟ್ಟಿಯಲ್ಲಿ ನನ್ನ ಹೆಸರು ಇಲ್ಲ ಎಂದಿರಲ್ಲ, ಅದರ ಹಿಂದೆ ಅಬ್ಬಾ ಇದ್ದರೆಂದು ನನಗೆ ಗೊತ್ತಿತ್ತು. ಅವರು ನಿಮ್ಮ ಹತ್ತಿರ ಬಂದು ಹೆಸರು ತೆಗೆಸಿದ್ದರು. ಅವರ ಮಾನ ಉಳಿಸಲು ನೀವು ಬಾಯಿ ಬಿಡಲಿಲ್ಲ. ಅದಕ್ಕೂ ನಿಮಗೆ ಋಣಿ.

ನಿಮ್ಮ
ಮಿನಾಜ


ಬಬಲೇಶ್ವರ
೫ ಅಕ್ಟೋಬರ್ ೨೦೨೪

ಮಿನಾಜ,

ಮಗುವನ್ನು ಆಯ್ಕೆಗೆ ಕಳಿಸು. ನೀನು ಸಾಕಾಗಲಿಲ್ಲ ಎಂದು ಅವಳ ಮುಂದೆ ಹೇಳಬೇಡ.

ನಿನ್ನ ತಂದೆಯ ವಿಷಯದಲ್ಲಿ ನೀನು ತಿಳಿದದ್ದು ಸರಿಯಲ್ಲ. ರಿಯಾಜ ಸಾಹೇಬರು ಅಂಥವರಲ್ಲ.

ನನ್ನ ತಬಿಯತ್ತು ಒಂದಿಷ್ಟು ಸರಿಯಿಲ್ಲ. ಉದ್ದ ಬರೆಯಲಾರೆ. ಡಿಸೆಂಬರಿಗೆ ಬರಬೇಡ ಎಂದದ್ದನ್ನು ಇನ್ನೊಮ್ಮೆ ಹೇಳುತ್ತಿದ್ದೇನೆ.

ಶ್ರೀಶೈಲ


ಕೊಲ್ಹಾಪುರ
೧೯ ಅಕ್ಟೋಬರ್ ೨೦೨೪

ಸರ್,

ನಾಲ್ಕು ಸಾಲಿನ ಕಾಗದದಲ್ಲಿ ಮೂರು ಆದೇಶ. ಮೈದಾನದಲ್ಲಿ ಸರಿ ಕಾಣುತ್ತಿತ್ತು, ಅಂಚೆಯಲ್ಲಿ ಬಂದಾಗ ಬೇಜಾರಾಗುತ್ತದೆ.

ಅಬ್ಬಾನ ಪರ ನೀವು ವಾದ ಮಾಡಬೇಡಿ. ಆ ದಿನ ನೀವು ಅಲ್ಲಿರಲಿಲ್ಲ, ನಾನಿದ್ದೆ. ಫೆಬ್ರುವರಿ ತಿಂಗಳು. ತಿಕೋಟಾದ ಒಣದ್ರಾಕ್ಷಿ ಗೋದಾಮಿನಲ್ಲಿ ಕೆಲಸ ಮುಗಿಸಿ ಅಬ್ಬಾ ಬಂದರು, ಕೈಯಲ್ಲಿನ್ನೂ ದ್ರಾಕ್ಷಿಯ ಅಂಟು. ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಅಳುತ್ತಿದ್ದೆ. ಅಮ್ಮಿ ನನ್ನ ತಲೆಯ ಮೇಲೆ ಕೈಯಿಟ್ಟಿದ್ದಳು. ಅಬ್ಬಾ ನನ್ನ ಮುಖ ನೋಡಲಿಲ್ಲ. ಕೈ ತೊಳೆದುಕೊಳ್ಳುತ್ತ, "ಛಲೋ ಆತ ಬಿಡು. ಹೆಣ್ಣ ಹುಡುಗಿ ಅಷ್ಟ ದೂರ ಹೋಗೂದು ತಪ್ಪಿತು" ಎಂದರು. ಹವಾಮಾನದ ಬಗ್ಗೆ ಹೇಳಿದ ಹಾಗೆ.

ಅದಕ್ಕೆ ಮೊದಲು ಒಂದು ದಿನವೂ ಅವರು ನನ್ನ ಆಟಕ್ಕೆ ಬೇಡ ಎಂದವರಲ್ಲ. ಒಮ್ಮೆಲೇ ಆ ಮಾತು ಎಲ್ಲಿಂದ ಬಂತು? ಅವರಿಗೆ ಒಳಗೊಳಗೆ ಅದೇ ಬೇಕಿತ್ತು ಎಂದುಕೊಂಡೆ. ಆವತ್ತಿನಿಂದ ಅವರ ಜೊತೆ ಊಟಕ್ಕೆ ಕೂರುವುದು ಬಿಟ್ಟೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಫೋನ್ ಮಾಡಿದರೆ ಅಮ್ಮಿಯ ಜೊತೆ ಮಾತ್ರ ಮಾತು. ಅವರು ಹಿಂದಿನಿಂದ "ಅಕಿ ಆರಾಮ ಅದಾಳೇನು ಕೇಳು" ಅನ್ನುವುದು ಕೇಳಿಸುತ್ತಿತ್ತು. ಉತ್ತರವನ್ನು ನಾನು ಅಮ್ಮಿಗೇ ಕೊಡುತ್ತಿದ್ದೆ. ಎರಡು ಸಾವಿರದ ಹದಿನಾರರಲ್ಲಿ ಅವರು ತೀರಿಕೊಂಡಾಗ ನಾನು ಮುಟ್ಟುವ ಹೊತ್ತಿಗೆ ದಫನ್ ಆಗಿತ್ತು. ಹದಿಮೂರು ವರ್ಷದ ಸಿಟ್ಟು, ಸರ್. ಅದು ಸುಳ್ಳೆಂದು ನೀವು ಒಂದು ಸಾಲಿನಲ್ಲಿ ಅಂದರೆ ಮುಗಿಯುತ್ತದೆಯೇ? ಸರಿಯಲ್ಲ ಅಂದರೆ ಏನು ಸರಿ, ಅದನ್ನು ಹೇಳಿ. ಇಲ್ಲದಿದ್ದರೆ ಸತ್ತವರ ಮಾತು ಬಿಡಿ.

ಇರ್ಫಾನಾಳ ಫಾರಂ ಮೊನ್ನೆ ಹರಿದು ಹಾಕಿದೆ. ಎರಡು ದಿನದಿಂದ ಅವಳು ಮಾತಾಡುತ್ತಿಲ್ಲ. ನದೀಮ್ ಕೂಡ ಮುಖ ಊದಿಸಿಕೊಂಡಿದ್ದಾರೆ. ನನಗೂ ಕಷ್ಟವೇ. ಆದರೆ ಅವಳು ಮುರಿದು ಕೂರುವುದನ್ನು ನೋಡುವುದಕ್ಕಿಂತ ನನ್ನ ಮೇಲೆ ಸಿಟ್ಟಾಗಿರುವುದೇ ವಾಸಿ.

ಭಾಷಣ ಬರೆಯಲು ಕೂತಿದ್ದೇನೆ. ಎರಡು ಪುಟ ಆಗಿದೆ.

ಮಿನಾಜ


ಬಬಲೇಶ್ವರ
೨ ನವೆಂಬರ್ ೨೦೨೪

ಮಿನಾಜ,

ಇದು ಆರನೆಯ ಸಲ ಬರೆಯುತ್ತಿರುವುದು. ಐದು ಹರಿದೆ. ಪ್ರತಿ ಸಲವೂ ಮೊದಲು ಕಾರಣ ಬರೆಯುತ್ತಿದ್ದೆ, ಆಮೇಲೆ ನಡೆದದ್ದು. ಈ ಸಲ ಮೊದಲು ನಡೆದದ್ದನ್ನೇ ಬರೆಯುತ್ತೇನೆ.

ಪಟ್ಟಿಯಲ್ಲಿ ನಿನ್ನ ಹೆಸರಿತ್ತು. ಇಪ್ಪತ್ತೆರಡು ಹುಡುಗಿಯರಲ್ಲಿ ಏಳನೆಯ ಹೆಸರು. ಶಿಬಿರದ ಕಾಗದ ೨೦೦೩ರ ಜನವರಿ ಇಪ್ಪತ್ತರಂದು ಕಾಲೇಜಿಗೆ, ನನ್ನ ಹೆಸರಿಗೆ ಬಂತು. ಫೆಬ್ರುವರಿ ಮೂರರಿಂದ ಇಪ್ಪತ್ತೊಂದು ದಿನ ಬೆಂಗಳೂರಿನಲ್ಲಿ. ನಾನು ಅದನ್ನು ಓದಿ ಮಡಚಿ, ಮೇಜಿನ ಕೆಳಗಿನ ಖಾನೆಯಲ್ಲಿ ಹಾಜರಿ ಪುಸ್ತಕದ ಅಡಿಗೆ ಇಟ್ಟೆ. ಶಿಬಿರ ಮುಗಿಯುವವರೆಗೆ ತೆಗೆಯಲಿಲ್ಲ. ನಿನಗೆ ಹೆಸರಿಲ್ಲ ಎಂದೆ.

ಆ ವರ್ಷ ಆಡಳಿತ ಮಂಡಳಿಯವರು ನನ್ನನ್ನು ಕರೆದು ಹೇಳಿದ್ದರು: ನಾಲ್ಕು ವರ್ಷ ಆಯಿತು, ಹುಡುಗಿಯರು ಒಂದು ಶೀಲ್ಡೂ ತಂದಿಲ್ಲ, ಈ ಸಲ ಅಂತರ ಕಾಲೇಜು ಪಂದ್ಯ ಗೆಲ್ಲದಿದ್ದರೆ ತಂಡ ಬಂದ್. ಸೆಮಿಫೈನಲ್ ಫೆಬ್ರುವರಿ ಒಂಬತ್ತು, ಫೈನಲ್ ಹನ್ನೊಂದು. ನೀನು ಇಲ್ಲದೆ ಗೆಲ್ಲುವುದು ಸಾಧ್ಯವಿರಲಿಲ್ಲ. ನೀನೊಬ್ಬಳು ಹೋದರೆ ಉಳಿದ ಹದಿನೇಳು ಹುಡುಗಿಯರೂ ಮನೆಗೆ ಹೋಗುತ್ತಿದ್ದರು. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ವರ್ಷ ಮತ್ತೆ ಕರೆ ಬರುತ್ತದೆ ಎಂದೂ ಹೇಳಿಕೊಂಡೆ. ಬರಲಿಲ್ಲ. ಫೈನಲ್‌ನಲ್ಲಿ ನೀನು ಎರಡು ಗೋಲು ಹೊಡೆದೆ. ಶೀಲ್ಡ್ ಬಂತು. ತಂಡ ಉಳಿಯಿತು.

ಇದಿಷ್ಟನ್ನು ನೀನು ಹೇಗೋ ತಾಳಿಕೊಳ್ಳಬಹುದು. ಮುಂದಿನದು ಅದಕ್ಕಿಂತ ಕೆಟ್ಟದ್ದು.

ನಿನ್ನ ತಂದೆ ಮೂರು ಶನಿವಾರ ತಿಕೋಟಾದಿಂದ ಬಸ್ ಹಿಡಿದು ಕಾಲೇಜಿಗೆ ಬಂದಿದ್ದರು. ನಿನಗೆ ಹೇಳದೆ. ನನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. "ಸರ, ಕಾಗದ ಬಂತೇನ್ರಿ?" ಮೊದಲ ಸಲ ಬಂದಿರಲಿಲ್ಲ, ನಿಜವನ್ನೇ ಹೇಳಿದೆ. ಎರಡನೆಯ ಸಲ ಬಂದಿತ್ತು. ಇಲ್ಲ ಎಂದೆ. ಆಗ ಅವರು ಅಂದರು, "ನಮ್ಮ ಮಂದಿ ಏನರೆ ಅನ್ಲಿ, ಸರ. ನಾ ಕಳಸ್ತೇನಿ. ಬೆಂಗಳೂರ ತನಕಾ ನಾನ ಕರಕೊಂಡ ಹೋಗ್ತೇನಿ. ಸ್ಟೇಷನ್ ರಸ್ತಾದಾಗ ಒಂದ ಬ್ಯಾಗ್ ನೋಡಿ ಇಟ್ಟೀನ್ರಿ. ಕಾಗದ ಬಂದ ದಿನ ತುಗೊಂಡ ಹೋಗಿ ಅಕಿ ಮುಂದ ಇಡ್ತೇನಿ."

ನನ್ನ ಮೊಣಕಾಲು ಆ ಖಾನೆಗೆ ತಾಗಿತ್ತು, ಮಿನಾಜ.

ಮೂರನೆಯ ಶನಿವಾರ, ಪಟ್ಟಿ ಬಂತು, ಅವಳ ಹೆಸರಿಲ್ಲ ಎಂದೆ. ಏಳಲು ಹೋಗಿ ಮತ್ತೆ ಕೂತರು. ಆಮೇಲೆ, "ಅಕಿಗೆ ನಾ ಏನ ಹೇಳ್ಲಿ ಸರ? ನನಗ ಮಾತ ಬರೂದಿಲ್ಲ" ಎಂದರು. ನಾನೇ ಮಾತು ಕೊಟ್ಟೆ. ನೀವು ಅತ್ತರೆ ಅವಳು ಕುಸಿಯುತ್ತಾಳೆ, ಫೈನಲ್ ಬೇರೆ ಇದೆ, ಛಲೋ ಆತು ಬಿಡು ಅನ್ನಿರಿ, ದೂರ ಹೋಗುವುದು ತಪ್ಪಿತು ಅನ್ನಿರಿ, ಹಗುರವಾಗಿ ಅನ್ನಿರಿ ಎಂದೆ. ಅವರು ಎರಡು ಸಲ ಬಾಯಲ್ಲೇ ಅಂದು ನೋಡಿಕೊಂಡು ಬಸ್ಸಿಗೆ ಹೋದರು. ನೀನು ಕೇಳಿದ್ದು ಆ ಮಾತು. ಅದು ಅವರದಲ್ಲ, ನನ್ನದು.

ನೀನು ಅವರ ಜೊತೆ ಮಾತು ಬಿಟ್ಟದ್ದು ನನಗೆ ನಿನ್ನ ಹಿಂದಿನ ಕಾಗದದಿಂದಲೇ ತಿಳಿದದ್ದು. ತಿಳಿಯಲು ಪ್ರಯತ್ನಿಸಿರಲೂ ಇಲ್ಲ.

ಇದು ರಿಜಿಸ್ಟರ್ಡ್ ಅಂಚೆಯಲ್ಲಿ ಬರುತ್ತದೆ.

ಶ್ರೀಶೈಲ


ಬಬಲೇಶ್ವರ
೨೪ ನವೆಂಬರ್ ೨೦೨೪

ಮಿನಾಜ,

ನಿನ್ನ ಸಹಿ ಇದ್ದ ಸ್ವೀಕೃತಿ ಚೀಟಿ ಎಂಟರಂದೇ ಬಂತು. ಅಂದರೆ ಓದಿದ್ದೀ. ಪೋಸ್ಟ್‌ಮನ್ ಪರಸಪ್ಪ ದಿನವೂ ದೂರದಿಂದಲೇ ಇಲ್ಲವೆಂದು ತಲೆಯಾಡಿಸಿ ಹೋಗುತ್ತಾನೆ. ನಾನು ಕೇಳುವುದನ್ನೂ ಬಿಟ್ಟಿದ್ದೇನೆ, ಅವನು ಹೇಳುವುದನ್ನು ಬಿಟ್ಟಿಲ್ಲ.

ಬೈದು ಬರೆ. ಬರೆಯದೆ ಇರಬೇಡ.

ಸನ್ಮಾನ ನಿಲ್ಲಿಸಲು ಸುಶೀಲೇಂದ್ರನ ಆಫೀಸಿಗೆ ಹೋಗಿದ್ದೆ. ಯಂತ್ರ ಹಿಡಿದು ಮಾತಾಡಿದೆ. "ನೀವು ದಣಕೋಬ್ಯಾಡ್ರಿ ಸರ, ಎಲ್ಲಾ ನಾ ನೋಡ್ಕೋತೇನಿ" ಎಂದು ಕಾರಿನಲ್ಲಿ ಕೂರಿಸಿ ಮನೆಗೆ ಕಳಿಸಿದ. ಏನು ಕೇಳಿಸಿತೋ ಅವನಿಗೆ.

ಶ್ರೀಶೈಲ


ಕೊಲ್ಹಾಪುರ
೩೦ ನವೆಂಬರ್ ೨೦೨೪

ಕನಮಡಿಯವರಿಗೆ,

ನಾನು ಬರುವುದಿಲ್ಲ. ನೀವು ಕೇಳಿದ್ದೂ ಅದೇ ಅಲ್ಲವೇ?

ಸನ್ಮಾನ ನಿಲ್ಲಿಸಬೇಡಿ. ವೇದಿಕೆ ಹತ್ತಿ. ನನಗೆ ಬರೆದದ್ದನ್ನು ಅಲ್ಲಿ ಎಲ್ಲರ ಮುಂದೆ ಹೇಳಿ. ಅದಕ್ಕೂ ಮೊದಲು ತಿಕೋಟಾಕ್ಕೆ ಹೋಗಿ ಅಮ್ಮಿಗೆ ಹೇಳಿ. ನಾನು ಹೇಳುವುದಿಲ್ಲ. ಅದು ನನ್ನ ಕೆಲಸವಲ್ಲ.

ಬರೆದಿದ್ದ ಭಾಷಣ ಒಲೆಗೆ ಹಾಕಿದೆ.

ಮಿನಾಜ ನದೀಮ


ಬಬಲೇಶ್ವರ
೧೭ ಡಿಸೆಂಬರ್ ೨೦೨೪

ಮಿನಾಜ,

ನೀನು ಹೇಳಿದ ಎರಡು ಕೆಲಸದಲ್ಲಿ ಒಂದು ಕೆಟ್ಟಿತು. ಕ್ರಮವೂ ತಪ್ಪಿತು. ಮೊದಲು ತಿಕೋಟಾಕ್ಕೆ ಹೋಗಬೇಕಿತ್ತು. ಡಿಸೆಂಬರ್ ಹದಿಮೂರರವರೆಗೂ ನಾಳೆ ನಾಳೆ ಎಂದು ದೂಡಿದೆ. ಅದಕ್ಕೆ ಸಮಜಾಯಿಷಿ ಇಲ್ಲ.

ಹೇಳಬೇಕಾದ್ದನ್ನು ಎರಡು ಪುಟ ಬರೆದುಕೊಂಡು ಹೋಗಿದ್ದೆ. ನನ್ನ ಪರವಾಗಿ ಓದಲು ವೇದಿಕೆಯ ಮೇಲೆ ಸುಶೀಲೇಂದ್ರನ ಕೈಗೆ ಕೊಟ್ಟೆ. ಅವನು ಮೊದಲ ಪ್ಯಾರಾ ಓದಿದ. ಅದರಲ್ಲಿ ತಂಡ ಶುರುವಾದ ಕಥೆ ಇತ್ತು. ಎರಡನೆಯದರ ಮೇಲೆ ಕಣ್ಣಾಡಿಸಿ ನಿಂತ. ಕಾಗದ ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು, "ನಮ್ಮ ಸರ್‌ದು ಮೊದಲಿಂದಾನೂ ಸ್ವಭಾವಾನ ಹಿಂಗ, ತಮ್ಮ ತಪ್ಪ ತಾವ ಹುಡಕತಾರ" ಎಂದ. ಜನ ನಕ್ಕರು. ಶಾಲು ಬಂತು, ಹಾರ ಬಂತು.

ನಾನು ಎದ್ದು ಮೈಕಿನ ಹತ್ತಿರ ಹೋಗಿ ಯಂತ್ರವನ್ನು ಕೊರಳಿಗೆ ಒತ್ತಿದೆ. "ಮಿನಾಜಳ ಕಾಗದ ನಾನು ಮುಚ್ಚಿಟ್ಟೆ." ಮೈಕು ಕಿರುಚಿತು. ಇನ್ನೊಮ್ಮೆ ಹೇಳಿದೆ. ಗುರ್ ಎಂಬ ಸದ್ದು ಮೈದಾನದ ತುಂಬ ಹೋಯಿತು, ಒಂದು ಅಕ್ಷರವೂ ಹೋಗಲಿಲ್ಲ. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಹೇಳುತ್ತಲೇ ಇದ್ದೆ, ಅವರು ತಟ್ಟುತ್ತಲೇ ಇದ್ದರು. ಮೂವತ್ತೈದು ವರ್ಷ ಈ ಮೈದಾನದಲ್ಲಿ ನನ್ನ ಮಾತು ಕೇಳಿಸದೆ ಇದ್ದದ್ದು ಅದೊಂದೇ ದಿನ.

ಕೆಳಗಿಳಿದ ಮೇಲೆ ಸುಶೀಲೇಂದ್ರನ ಜೇಬಿಗೆ ಕೈ ಹಾಕಿ ಕಾಗದ ತೆಗೆದುಕೊಂಡೆ. ಅವನು ಮೆಲ್ಲಗೆ, "ಸರ, ಇಪ್ಪತ್ತ ವರ್ಷದ ಮಾತು. ಇದನ್ನ ಓದಿದ್ರ ಈ ಹುಡುಗ್ಯಾರ ಮನಸ್ಸು ಏನಾಗಬೇಕ್ರಿ?" ಎಂದ. ಕೆಟ್ಟವನಲ್ಲ ಅವನು. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಎರಡು ಸಾವಿರದ ಮೂರರಲ್ಲಿ ನಾನು ನನಗೆ ಹೇಳಿಕೊಂಡದ್ದೂ ಹೆಚ್ಚುಕಡಿಮೆ ಅದೇ ಮಾತು.

ಈಗ ನನ್ನ ಜಾಗದಲ್ಲಿ ಕೋಚ್ ಆಗಿರುವವಳು ಶರ್ವರಿ, ಘೋಣಸಗಿಯ ಹುಡುಗಿ, ನಿನಗಿಂತ ಹತ್ತು ವರ್ಷ ಚಿಕ್ಕವಳು. ಅವಳ ಕೈಗೆ ಕಾಗದ ಕೊಟ್ಟೆ. ನಿಂತಲ್ಲೇ ಪೂರ್ತಿ ಓದಿದಳು.

"ಸರ್, ಆ ಶೀಲ್ಡ್ ಬರಲಿಲ್ಲಂದ್ರ ತಂಡ ಮುಚ್ಚತಿತ್ತು. ನಾ ಇಲ್ಲಿ ಇರತಿದ್ದಿಲ್ಲ."

ನಾನು ತಲೆಯಾಡಿಸಿದೆ. ನನ್ನ ಮನಸ್ಸಿಗೆ ಸಮಾಧಾನ ಹೇಳುತ್ತಾಳೆ ಎಂದುಕೊಂಡೆ.

"ಆದ್ರ ನೀವು ಅಕಿನ್ನ ಕೇಳಬೇಕಿತ್ತು. ಹಿಂಗ ಐತಿ ಮಿನಾಜ, ಏನ ಮಾಡ್ತೀ ಅಂತ. ಯಾರಿಗ್ಗೊತ್ತು, ಅಕೀನ ಉಳೀತಿದ್ಲೋ ಏನೋ. ನೀವು ಅಕಿಗೆ ಅದನ್ನೂ ಬಿಟ್ಟುಕೊಡಲಿಲ್ಲ."

ಇಪ್ಪತ್ತೊಂದು ವರ್ಷದಲ್ಲಿ ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಹದಿನೇಳು ಹುಡುಗಿಯರ ಲೆಕ್ಕ ಹಾಕಿದೆ, ನಿನ್ನನ್ನು ಕೇಳಲಿಲ್ಲ.

ಮರುದಿನ ಭಾನುವಾರ ತಿಕೋಟಾಕ್ಕೆ ಹೋದೆ. ನಿನ್ನ ಅಮ್ಮಿ ಸುರೈಯಾ ಬಾಗಿಲಲ್ಲೇ ಕೂತು ಗೋಧಿ ಹಸನು ಮಾಡುತ್ತಿದ್ದರು. "ಬರ್ರಿ ಸರ, ನಿನ್ನೆ ಭಾಳ ದೊಡ್ಡ ಸಭಾ ಆತಂತಲ್ರಿ" ಎಂದು ಚಾಪೆ ಹಾಸಿದರು. ಅವರಿಗೆ ಕನ್ನಡ ಓದಲು ಬರುವುದಿಲ್ಲ, ನೆರೆಯವರಿಂದ ಓದಿಸುವ ಮಾತಲ್ಲ. ಯಂತ್ರವನ್ನೇ ಹಿಡಿದೆ. ಮೊದಲ ಸಲ ಹೇಳಿದಾಗ ತಿಳಿಯಲಿಲ್ಲ. "ಸಾವಕಾಶ ಹೇಳ್ರಿ" ಎಂದರು. ಎರಡನೆಯ ಸಲ "ಯಾವ ಕಾಗದರಿ?" ಎಂದರು. ತಿಳಿಯದೆ ತಲೆಯಾಡಿಸುವವರಲ್ಲ ಅವರು. ನಾಲ್ಕು ಸಲ ಹೇಳಿಸಿದರು, ಮಿನಾಜ. ನಾಲ್ಕನೆಯ ಸಲ ಹೇಳುವಾಗ ಮೊರದಿಂದ ಕೈ ತೆಗೆದು ಗೋಧಿಯನ್ನೇ ನೋಡುತ್ತ ಕೂತರು.

ನನ್ನ ಬಗ್ಗೆ ಏನೂ ಕೇಳಲಿಲ್ಲ. "ಮೂರು ಶನಿವಾರ ಬಂದಿದ್ರಾ ಅವ್ರು?" ಎಂದು ಕೇಳಿದರು. "ನನಗ ಹಲ್ಲಿನ ಡಾಕ್ಟರ್ ಕಡೆ ಹೋಗ್ತೇನಿ ಅಂತ ಹೇಳಿ ಹೋಗತಿದ್ರು. ಹಲ್ಲ ಕೀಳಿಸಲಾರದ ಹಂಗ ಬರ್ತಾರಲಾ ಅಂತ ನಾ ನಗತಿದ್ದೆ." ಆಮೇಲೆ, "ಅಕಿ ಮಾತ ಬಿಟ್ಟಾಗ ಅವ್ರು ನನ್ನ ಕೇಳಿದ್ರು, ನಾ ಏನ ತಪ್ಪ ಅಂದ್ನಿ ಅಂತ. ನನಗೂ ಗೊತ್ತಿದ್ದಿಲ್ಲ" ಎಂದರು.

ನಾನು ಕೈ ಮುಗಿದೆ. ಅವರು ನೋಡಲಿಲ್ಲ.

"ಎದ್ದ ಹೋಗ್ರಿ ಅನ್ನಾಕ ನನಗ ಬಾಯಿ ಬರವಲ್ದು" ಎಂದರು. "ಆದ್ರ ಚಾ ಮಾಡೂದಿಲ್ಲ ನಾ."

ಮತ್ತೆ ಗೋಧಿ ಹಸನು ಮಾಡತೊಡಗಿದರು. ನಾನು ಒಂದಿಷ್ಟು ಹೊತ್ತು ಕೂತು ಎದ್ದು ಬಂದೆ.

ಪೆವಿಲಿಯನ್ ಮೇಲಿನ ಹೆಸರು ತೆಗೆಯಿರಿ ಎಂದು ಕಾಲೇಜಿಗೆ ಬರೆದುಕೊಟ್ಟಿದ್ದೇನೆ, ಎರಡು ಪುಟವನ್ನೂ ಸೇರಿಸಿ. ಉತ್ತರವಿಲ್ಲ. ಬರುವ ಲಕ್ಷಣವೂ ಇಲ್ಲ. ಶರ್ವರಿ ಮಾತ್ರ ತನ್ನ ಹುಡುಗಿಯರನ್ನು ಮೈದಾನದಲ್ಲಿ ಕೂರಿಸಿ ಓದಿ ಹೇಳಿದಳಂತೆ. ಅವರು ಏನಂದರು ಎಂದು ಅವಳು ನನಗೆ ಹೇಳಿಲ್ಲ.

ಶ್ರೀಶೈಲ


ಕೊಲ್ಹಾಪುರ
೨೬ ಜನವರಿ ೨೦೨೫

ಸರ್,

ಏನೆಂದು ಕರೆಯಬೇಕೆಂದು ತಿಳಿಯದೆ ಒಂದು ತಿಂಗಳು ಕಳೆಯಿತು. ಬೇರೆ ಹೆಸರು ಕೈಗೆ ಬರಲಿಲ್ಲ. ಇದರಿಂದ ಏನನ್ನೂ ತಿಳಿದುಕೊಳ್ಳಬೇಡಿ.

ಅಮ್ಮಿ ಫೋನ್ ಮಾಡಿದ್ದಳು. ಹಲ್ಲಿನ ಡಾಕ್ಟರ್ ಕಥೆ ಹೇಳಿ ನಕ್ಕಳು. ಹೋದ ವಾರ ತಿಕೋಟಾಕ್ಕೆ ಹೋಗಿ ಅಬ್ಬಾನ ಕಬರಿನ ಹತ್ತಿರ ಕೂತು ಬಂದೆ. ಅಲ್ಲಿ ಏನು ಹೇಳಿದೆನೆಂದು ನಿಮಗೆ ಬರೆಯುವುದಿಲ್ಲ.

ಶಿಬಿರ ತಪ್ಪಿದ್ದಕ್ಕೆ ನನಗೆ ಈಗ ಅಷ್ಟು ದುಃಖವಿಲ್ಲ. ಹೋಗಿದ್ದರೆ ಎರಡು ದಿನದಲ್ಲಿ ಮೊಣಕಾಲು ಮುರಿದುಕೊಂಡು ಬರುತ್ತಿದ್ದೆನೋ ಏನೋ. ಆದರೆ ನೀವು ನನ್ನ ಅಬ್ಬಾನ ಬಾಯಲ್ಲಿ ನಿಮ್ಮ ಮಾತು ಇಟ್ಟಿರಿ. ಅವರಿಗೆ ಮೊದಲೇ ಮಾತು ಕಡಿಮೆ. ನನ್ನ ಜೊತೆ ಆಡಿದ ಕೊನೆಯ ನಿಜವಾದ ಮಾತು ಅವರದೇ ಅಲ್ಲ ಎಂದರೆ ಅದನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ? ನೀವು ಸಭೆಯಲ್ಲಿ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ ಎಂದು ಓದಿದಾಗ, ಆಗಲಿ ಹಾಗೆ, ಎಂದುಕೊಂಡೆ. ನಂತರ ನಾಚಿಕೆಯಾಯಿತು. ಎರಡೂ ನಿಜ.

ಶರ್ವರಿ ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನೀವು ಕೇಳಿದ್ದರೆ ನಾನು ಉಳಿಯುತ್ತಿದ್ದೆನೇ? ಉತ್ತರ ನನಗೆ ಗೊತ್ತು. ನಿಮಗೆ ಹೇಳುವುದಿಲ್ಲ. ಕೇಳುವ ದಿನ ನೀವು ಕೇಳಲಿಲ್ಲ.

ಇರ್ಫಾನಾಳನ್ನು ಆಯ್ಕೆಗೆ ಕರೆದುಕೊಂಡು ಹೋಗಿದ್ದೆ. ಕೊನೆಯ ದಿನ ಹೊಸ ಫಾರಂ ತುಂಬಿದೆವು. ಇಷ್ಟು ವರ್ಷದ ಮೇಲೆ ಮೊದಲ ಸಲ ಗೇಟು ದಾಟಿ ಒಳಗೆ ಹೋದೆ. ನೂರಾ ಹತ್ತು ಹುಡುಗಿಯರು. ನಲವತ್ತು ನಿಮಿಷ ಆಡಿಸಿದರು. ಒಳ್ಳೆಯ ಎರಡು ಪಾಸು ಕೊಟ್ಟಳು, ಒಂದು ಗೋಲು ಕೈಬಿಟ್ಟಳು. ಸಂಜೆ ಪಟ್ಟಿಯನ್ನು ಗೋಡೆಗೆ ಅಂಟಿಸಿದರು. ನಾನು ನೋಡಿ ಬರುತ್ತೇನೆ ಎಂದರೆ ಕೇಳಲಿಲ್ಲ, ಗುಂಪಿನೊಳಗೆ ನುಗ್ಗಿ ತಾನೇ ಹೋದಳು. ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದಳು. ಮತ್ತೆ ಮೇಲಿನಿಂದ ಓದಿದಳು.

ಹೆಸರಿರಲಿಲ್ಲ.

ಮನೆಗೆ ಬರುವವರೆಗೂ ಅತ್ತಳು. ನನ್ನ ಬಾಯಿಗೆ ನೂರು ಮಾತು ಬಂದವು, ಒಂದನ್ನೂ ಆಡಲಿಲ್ಲ. ಪಕ್ಕದಲ್ಲಿ ನಡೆದೆ ಅಷ್ಟೇ. ಮರುದಿನ ಬೆಳಿಗ್ಗೆ ಬಾಗಿಲ ಸದ್ದಾಯಿತು. ಎದ್ದು ನೋಡಿದರೆ ಶೂ ಹಾಕಿಕೊಂಡು ಹೊರಗೆ ಹೊರಟಿದ್ದಾಳೆ. ಎಲ್ಲಿಗೆ ಎಂದೆ. "ಆ ಗೋಲು ಯಾಕೆ ಹೋಗಲಿಲ್ಲ ನೋಡಬೇಕು" ಎಂದಳು.

ಚೆಂಡು ಒದೆಯುವಾಗ ಮೈ ಹಿಂದಕ್ಕೆ ವಾಲಿಸುತ್ತಾಳೆ, ಸರ್. ಎಡಗಾಲು ಚೆಂಡಿಗಿಂತ ಒಂದು ಗೇಣು ಹಿಂದೆ ಊರುತ್ತಾಳೆ. ನಾನು ಹೇಳಿದರೆ "ನಿನಗೇನು ಗೊತ್ತು ಅಮ್ಮಿ" ಅನ್ನುತ್ತಾಳೆ. ಅದನ್ನು ತಿದ್ದುವ ಅಭ್ಯಾಸ ನಿಮಗೆ ಗೊತ್ತು. ಬರೆಯುವುದಿದ್ದರೆ ಬರೆಯಿರಿ, ನನಗಲ್ಲ, ಅವಳಿಗೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಓದಿ ಹೇಳುವವಳು ನಾನೇ. ನೋಡಿಕೊಂಡು ಬರೆಯಿರಿ.

ಮಿನಾಜ